ಮರುಭೂಮಿಯಲ್ಲೊಂದು ವೆನಿಸ್

ಪ್ರೀತಿಯ ಗೆಳೆಯಾ,

ಇಟಲಿಯ ವೆನಿಸ್ಸನ್ನು ನೋಡಲು ಹೊರಟಿರುವವನು ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ಅದರ ನಕಲನ್ನೂ ನೋಡಬೇಕೇ ಎಂದು ನೀನು ಕೇಳಿದ್ದೆ. ನೋಡಬೇಕೆಂದೇ ನನ್ನ ಉತ್ತರ. ಆದರೆ ಅದರ ಅಂದಚಂದಕ್ಕಾಗಿ ಅಲ್ಲ.

ಆ ನಕಲಾದ 'ವೆನೀಷಿಯನ್' ಹೋಟೆಲು ಇರುವ ಜಾಗದಲ್ಲಿ ಮೊದಲು ಫ್ರಾಂಕ್ ಸಿನಾತ್ರಾನಂಥ ಗಾಯಕರು ಹಾಡುತ್ತಿದ್ದ 'ಸ್ಯಾಂಡ್ಸ್' ಕ್ಯಾಸಿನೊ ಇತ್ತು. 1996ರ ನವೆಂಬರಿನಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿಸಿದ ಮಾಲೀಕ ಶೆಲ್ಡನ್ ಅಡೆಲ್ಸನ್, ತಾನು ಮಧುಚಂದ್ರಕ್ಕೆ ಹೋಗಿಬಂದಿದ್ದ ವೆನಿಸ್ಸನ್ನೇ ಅಲ್ಲಿ ಕಟ್ಟಿಸಲು ಹೊರಟು, 1999ರ ಮೇ ತಿಂಗಳಲ್ಲಿ ಈ ಹೋಟೆಲನ್ನು ತೆರೆದ. ಡೋಜ್ ದೊರೆಗಳ ಅರಮನೆ, ಗಂಟೆಗೋಪುರ, ರಿಯಾಲ್ಟೊ ಸೇತುವೆ ಎಲ್ಲವೂ ಇಲ್ಲಿ ರಸ್ತೆಯಂಚಿಗೇ ಬಂದು ಒತ್ತೊತ್ತಾಗಿ ನಿಂತಿವೆ. ಸೇತುವೆಯನ್ನು ಹತ್ತುವ ಶ್ರಮವೂ ಬೇಡವೆಂದು ಚಲಿಸುವ ನಡೆದಾರಿಯನ್ನು ಅಳವಡಿಸಿದ್ದಾರೆ!

ಇನ್ನೂ ಸೋಜಿಗವೆಂದರೆ ಮೇಲಂತಸ್ತಿನ ಕಾಲುವೆ. ಹೊರಗೆ ನೆವಾಡದ ಬಿಸಿಲು ಸುಡುತ್ತಿರುವಾಗ, ಒಳಗೆ ತಂಪಿನಲ್ಲಿ, ಅಂಗಡಿಸಾಲುಗಳ ನಡುವಿನ ತಿಳಿನೀರಿನಲ್ಲಿ ಪಟ್ಟೆ ಅಂಗಿಯ ಅಂಬಿಗರು ಇಟಾಲಿಯನ್ ಹಾಡು ಹೇಳುತ್ತಾ ಗೊಂಡೊಲಾ ದೋಣಿಗಳನ್ನು ನಡೆಸುತ್ತಾರೆ. ಚಾವಣಿಯ ಮೇಲೆ ಬಿಳಿಮೋಡಗಳ ನೀಲಾಕಾಶವನ್ನು ಬರೆದಿರುವುದರಿಂದ ಅಲ್ಲಿ ಕತ್ತಲಾಗುವುದೇ ಇಲ್ಲ. ಹೊತ್ತು ಮುಳುಗಿದ್ದು ತಿಳಿಯದವನು ಕೊಳ್ಳುತ್ತಲೂ ಆಡುತ್ತಲೂ ಇರುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದೆ ಇಲ್ಲವೆಂದು ನಾನಂತೂ ನಂಬಲಾರೆ.

ಹಾಗೆಂದು ಇದನ್ನು ಬರಿಯ ಸೋಗು ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. ನೀನು ಇಟಲಿಯ ವೆನಿಸ್ಸಿನಲ್ಲಿ ತಲೆಯೆತ್ತಿ ನೋಡಲಿರುವ ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರವೂ ಹಳೆಯದಲ್ಲ. ಮೂಲ ಗೋಪುರ 1902ರಲ್ಲಿ ಕುಸಿದುಬಿದ್ದ ಮೇಲೆ, ಇದ್ದಲ್ಲೇ, ಇದ್ದ ಹಾಗೆಯೇ ಮತ್ತೆ ಕಟ್ಟಿ 1912ರಲ್ಲಿ ಮುಗಿಸಿದ್ದು ಅದು. ಅದಕ್ಕಿಂತ ಮುಖ್ಯವಾದ ಸಂಗತಿ ಜೂಜಿನದು. ಕದ್ದುಮುಚ್ಚಿ ನಡೆಯುತ್ತಿದ್ದ ಆಟವನ್ನು ತಡೆಯಲಾಗದ ವೆನಿಸ್ ಗಣರಾಜ್ಯ, ಅದನ್ನು ತನ್ನ ಹತೋಟಿಗೆ ತಂದುಕೊಂಡು ತೆರಿಗೆಯನ್ನೂ ಪಡೆಯುವುದೇ ಲೇಸೆಂದು, 1638ರಲ್ಲಿ 'ರಿಡೊಟ್ಟೊ' ಎಂಬ ಸಾರ್ವಜನಿಕ ಜೂಜುಮನೆಗೆ ಅಪ್ಪಣೆ ಕೊಟ್ಟಿತು. ಯುರೋಪಿನಲ್ಲಿ ಸರ್ಕಾರದ ಅನುಮತಿಯಿಂದ ನಡೆದ ಮೊದಲ ಜೂಜುಮನೆ ಅದೇ ಎನ್ನುತ್ತಾರೆ. ಆಡಲು ಬಂದವರು ಮುಖವಾಡ ತೊಟ್ಟಿರುತ್ತಿದ್ದರು. ಎಲೆ ಹಂಚುತ್ತಿದ್ದವರು ಮಾತ್ರ, ಬಹುಮಟ್ಟಿಗೆ ಆಸ್ತಿ ಕಳೆದುಕೊಂಡ ಕುಲೀನ ಮನೆತನದವರೇ, ಬರಿಮುಖದಲ್ಲಿ ಕೂರಬೇಕಿತ್ತು. ಸಿರಿವಂತ ಮನೆಗಳು ಒಂದೊಂದಾಗಿ ಬರಿದಾಗುವುದನ್ನು ಕಂಡು 1774ರಲ್ಲಿ ಸರ್ಕಾರವೇ ಅದನ್ನು ಮುಚ್ಚಿಸಿತು. ಕಾಲುವೆ, ಸೇತುವೆ, ಆಕಾಶಗಳೆಲ್ಲ ತೋರಿಕೆಯವಾದ ಈ ಹೋಟೆಲಿನಲ್ಲಿ ವೆನಿಸ್ಸಿನ ನಿಜವಾದ ಬಳುವಳಿಯೆಂದರೆ ಕೆಳಗಿನ ಅಂತಸ್ತಿನ ಜೂಜುಮೇಜುಗಳೇ.

ಅಡೆಲ್ಸನ್ 2021ರಲ್ಲಿ ತೀರಿಕೊಂಡ. ಮರುವರ್ಷ ಆತನ ಕಂಪನಿ ಈ ಹೋಟೆಲಿನ ಜಾಗವನ್ನೂ ವ್ಯವಹಾರವನ್ನೂ ಬೇರೆಬೇರೆ ಸಂಸ್ಥೆಗಳಿಗೆ ಒಟ್ಟು 625 ಕೋಟಿ ಡಾಲರಿಗೆ ಮಾರಿ ಲಾಸ್ ವೇಗಸ್ಸಿನ ಜೂಜಿನ ವ್ಯವಹಾರವನ್ನೇ ಬಿಟ್ಟು ನಡೆಯಿತು. ನೀನು ವೆನಿಸ್ ತಲುಪಿದಾಗ ಸ್ಯಾನ್ ಮೊಯಿಸೆ ಇಗರ್ಜಿಯ ಸಮೀಪ ಆ ರಿಡೊಟ್ಟೊ ಇದ್ದ ಅರಮನೆಯನ್ನು ತಪ್ಪದೆ ಹುಡುಕು. ಅದೂ ಈಗ ಹೋಟೆಲೇ ಆಗಿದೆ.

ಇಂತಿ ನಿನ್ನ ಗೆಳೆಯ