ಇಂಜಿನ್ ತಣ್ಣಗಿದ್ದಾಗಲೇ ಗಾಡಿ ನೋಡು

ಕಲಬುರಗಿ

ಪ್ರೀತಿಯ ಅಳಿಯನಿಗೆ ನಿನ್ನ ಮಾಮಾನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳಿಸಿದ ಫೋಟೋಗಳನ್ನು ನಾನೂ ನಿನ್ನ ಅತ್ತಿಯೂ ಕೂತು ನೋಡಿದೆವು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಮೋಟಾರ್ ಸೈಕಲ್, 2019ರ ಮಾಡೆಲ್, ಹೈದರಾಬಾದಿನ ಗಾಡಿ, ಮೀಟರಿನಲ್ಲಿ 38 ಸಾವಿರ ಕಿಲೋಮೀಟರ್. ಬರುವ ವರ್ಷ ಇದೇ ಗಾಡಿಯ ಮೇಲೆ ಮನಾಲಿಯಿಂದ ಲೇಹ್‌ಗೆ ಹೋಗುವ ಆಸೆ ಅಂತ ಬರೆದಿದ್ದೀ. ಹೋಗು ತಮ್ಮಾ, ಈ ವಯಸ್ಸಿನಲ್ಲೇ ಹೋಗಬೇಕು. ಆದರೆ ನಾಳೆಯೇ ಮುಂಗಡ ಕೊಟ್ಟುಬಿಡುತ್ತೇನೆ ಅಂದೆಯಲ್ಲ, ಅದಕ್ಕೇ ಫೋನಿನಲ್ಲಿ ಹೇಳಿದ್ದು ಸಾಲದೆಂದು ಕಾಗದ ಹಿಡಿದು ಕೂತಿದ್ದೇನೆ.

ಮೊದಲನೇ ಮಾತು. ಆ ಮಾಲೀಕನಿಗೆ ಫೋನ್ ಮಾಡಿ, ನಾವು ಬರುವ ದಿನ ಮುಂಜಾನೆ ಇಂಜಿನ್ ಚಾಲೂ ಮಾಡಬೇಡಿರಿ ಅಂತ ಹೇಳು. ಹೋದ ಕೂಡಲೇ ಬಣ್ಣ ನೋಡಬೇಡ, ಸೀಟು ನೋಡಬೇಡ, ಇಂಜಿನ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಚಾಲೂ ಮಾಡಿ ನಿಲ್ಲಿಸಿದ್ದಾರೆ ಎಂದೇ ಅರ್ಥ. ಹಾಗಿದ್ದರೆ ಚಹಾ ಕುಡಿದು, ಎರಡು ತಾಸು ಬಿಟ್ಟು ಮತ್ತೆ ಬಾ. ಬಿಸಿಯಾದ ಇಂಜಿನ್ ಯಾವುದೇ ಇರಲಿ ಸಲೀಸಾಗಿ ಚಾಲೂ ಆಗುತ್ತದೆ, ಸಪ್ಪಳವೂ ಕಡಿಮೆ. ಖರೆ ಗೊತ್ತಾಗುವುದು ತಣ್ಣಗಿದ್ದಾಗ, ಅದೂ ಮೊದಲ ಅರ್ಧ ನಿಮಿಷದಲ್ಲಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಂತಿರಬೇಕು. ಥಂಡಿ ಹೊತ್ತಿನಲ್ಲಿ ಸ್ವಲ್ಪ ಬಿಳಿ ಆವಿ ಬಂದು ಹೋದರೆ ಹೆದರಬೇಡ, ಅದು ತೇವ. ನೀಲಿ ಹೊಗೆ ಬಂದು, ಆಕ್ಸಿಲರೇಟರ್ ಕೊಟ್ಟಾಗ ಮತ್ತೆ ಮತ್ತೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗ್ ಹೋಗಿರಬಹುದು, ವಾಲ್ವ್ ಸೀಲ್ ಹೋಗಿರಬಹುದು, ಎರಡಕ್ಕೂ ಇಂಜಿನ್ ಬಿಚ್ಚಲೇಬೇಕು. ನಮ್ಮ ಬಸ್ ಡಿಪೋದಲ್ಲಿ ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ ಹಿಡಿಕೆಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದೆವು. ಟ್ಯಾಪೆಟ್ಟಿನ ಟಿಕ್ ಟಿಕ್ ಬೇರೆ, ಟೈಮಿಂಗ್ ಚೈನಿನ ಕರಕರ ಬೇರೆ, ಒಳಗೆ ಕುಟ್ಟಿದ ಹಾಗೆ ಬರುವ ಸಪ್ಪಳ ಬೇರೆ. ಮೊದಲಿನದು ಸ್ವಲ್ಪ ಇದ್ದರೆ ನಡೆಯುತ್ತದೆ. ಎರಡನೆಯದು ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಟಿನಲ್ಲಿ ಇಳಿಸಬೇಕು. ಮೂರನೆಯದು ಕೇಳಿದರೆ ನಮಸ್ಕಾರ ಹೇಳಿ ಹೊಳ್ಳಿ ಬಾ.

ಆಯಿಲ್ ಕ್ಯಾಪ್ ಬಿಚ್ಚಿಯೂ ನೋಡು. ಹಾಲು ಬೆರೆತ ಚಹಾದ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. 2020ರ ಅಕ್ಟೋಬರಿನಲ್ಲಿ ಇತ್ತ ಭೀಮೆ ಉಕ್ಕಿದಾಗ ಅತ್ತ ಹೈದರಾಬಾದಿನಲ್ಲೂ ಓಣಿ ಓಣಿಗೆ ನೀರು ನುಗ್ಗಿತ್ತು. ಈ ಗಾಡಿ 2019ರದು, ಆಗ ಅಲ್ಲೇ ಇದ್ದಿರಬೇಕು. ಆಯಿಲ್ ಎಷ್ಟು ಸಲವಾದರೂ ಬದಲಾಗಿರುತ್ತದೆ, ವೈರಿಂಗ್ ಬದಲಾಗಿರುವುದಿಲ್ಲ. ಸೀಟು ತೆಗೆಸಿ ಕನೆಕ್ಟರ್‌ಗಳನ್ನು ಬಿಡಿಸಿ ನೋಡು. ಪಿನ್ನಿನ ಮೇಲೆ ಹಸಿರು ಕಿಲುಬು, ಮೂಲೆಗಳಲ್ಲಿ ಒಣಗಿದ ಸಣ್ಣ ಮಣ್ಣು, ಹೆಡ್‌ಲೈಟ್ ಒಳಗೆ ನೀರು ನಿಂತ ಗೆರೆ ಕಂಡರೆ ಗಾಡಿ ಮುಳುಗಿತ್ತು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಈಗ ಹ್ಯಾಂಡಲ್ ವಿಷಯ. ಇದನ್ನು ಎರಡು ಸಲ ಓದು. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಒತ್ತಿ ನಿಲ್ಲಿಸಿ ಮುಂದಿನ ಗಾಲಿ ಎತ್ತು. ಎರಡು ಬೆರಳಿನಲ್ಲಿ ಹ್ಯಾಂಡಲ್ ಹಿಡಿದು ಈ ಕೊನೆಯಿಂದ ಆ ಕೊನೆಗೆ ಹಗುರಾಗಿ ಹೊಳ್ಳಿಸು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು. ನಟ್ಟನಡುವೆ ಬಂದಾಗ ಸಣ್ಣ ತಗ್ಗಿನಲ್ಲಿ ಕೂತ ಹಾಗೆ 'ಟಕ್' ಅಂತ ಹಿಡಿದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಮುಂದೆ ಹಿಂದೆ ಜಗ್ಗು, ಅಲುಗಾಟ ಇರಬಾರದು. ಹಿಂದಿನ ಗಾಲಿಯನ್ನೂ ಎಡಕ್ಕೆ ಬಲಕ್ಕೆ ಹೀಗೇ ಜಗ್ಗು, ಆ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸವೆದಿದ್ದರೆ ಕೈಗೆ ಗೊತ್ತಾಗುತ್ತದೆ.

ನಿನ್ನ ಅವ್ವನ ಎಡ ಮೊಣಕೈ ಮೇಲಿನ ಕಲೆಯನ್ನು ನೀನು ಸಣ್ಣವನಿದ್ದಾಗಿನಿಂದ ನೋಡಿದ್ದೀ. ಬಾವಿಕಟ್ಟೆಯ ಮೇಲೆ ಜಾರಿದೆ ಅಂತ ಅಕ್ಕ ನಿನಗೆ ಹೇಳಿದ್ದಾಳೆ. ಅದು ಖರೆ ಅಲ್ಲ. 1989ರಲ್ಲಿ ನನಗೆ 25 ವರ್ಷ, ಡಿಪೋಕ್ಕೆ ಹೊಸದಾಗಿ ಸೇರಿದ್ದೆ. ಒಬ್ಬನ ಹತ್ತಿರ ಹಳೇ ಮೋಟಾರ್ ಸೈಕಲ್ ತೆಗೆದುಕೊಂಡೆ. ಇಂಜಿನ್ ಸಪ್ಪಳಕ್ಕೆ ಮರುಳಾಗಿದ್ದೆ, ಗಾಲಿ ಎತ್ತಿ ಹ್ಯಾಂಡಲ್ ಹೊಳ್ಳಿಸಿ ನೋಡಲೇ ಇಲ್ಲ. ಆ ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರನ ಜಾತ್ರೆಗೆ ಅಕ್ಕನನ್ನು ಹಿಂದೆ ಕೂಡಿಸಿಕೊಂಡು ಹೊರಟೆ. ಕಮಲಾಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ಹ್ಯಾಂಡಲ್ ನಡುವಿನ ತಗ್ಗಿನಲ್ಲಿ ಸಿಕ್ಕು, ನಾನು ತಿರುಗಿಸಿದಷ್ಟು ತಿರುಗಲಿಲ್ಲ. ಜೋರಾಗಿ ತಿರುಗಿಸಿದಾಗ ಒಮ್ಮೆಲೇ ಬಿಟ್ಟುಕೊಂಡು ಜೋಲಿ ಹೊಡೆಯಿತು. ಇಬ್ಬರೂ ಬಿದ್ದೆವು. ಅಕ್ಕನ ಕೈಯಿಂದ ರಕ್ತ ಸುರಿಯುತ್ತಿತ್ತು, ಆಕೆ ಮಾತ್ರ ನನ್ನ ಮುಖವನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮನೆಗೆ ಬಂದು, ಅಪ್ಪ ನನ್ನನ್ನು ಬೈಯಬಾರದೆಂದು ಬಾವಿಕಟ್ಟೆಯ ಸುಳ್ಳು ಹೇಳಿದಳು. ಅದನ್ನೇ ಇಂದಿಗೂ ಹೇಳುತ್ತಾ ಬಂದಿದ್ದಾಳೆ. ಆ ಕೋನ್‌ಸೆಟ್ ಬದಲಿಸಲು ಆಗ ನನ್ನ ಕಿಸೆಯಲ್ಲಿದ್ದ ರೊಕ್ಕವೇ ಸಾಕಿತ್ತು.

ದೂರ ಓಡಿದ ಗಾಡಿ ಎಂಬುದು ದೋಷವಲ್ಲ. ಹೈವೇ ಮೇಲೆ ಒಂದೇ ವೇಗದಲ್ಲಿ 40 ಸಾವಿರ ಓಡಿದ ಇಂಜಿನ್, ಊರೊಳಗೆ ಕ್ಲಚ್ ಹಿಡಿದು ಹಿಡಿದು 15 ಸಾವಿರ ಓಡಿದ್ದಕ್ಕಿಂತ ಎಷ್ಟೋ ಸಲ ಛಲೋ ಇರುತ್ತದೆ. ನೀನು ಹುಡುಕಬೇಕಾದದ್ದು ಬಿದ್ದ ಗುರುತನ್ನು, ಹೊರೆ ಹೊತ್ತ ಗುರುತನ್ನು. ಹ್ಯಾಂಡಲ್ಲಿನ ತುದಿ, ಲಿವರಿನ ತುದಿ, ಫುಟ್‌ರೆಸ್ಟ್ ತುದಿ ಉಜ್ಜಿವೆಯೇ ನೋಡು. ನಿಂತಲ್ಲೇ ವಾಲಿ ಬಿದ್ದಿದ್ದರೆ ಅಷ್ಟೇ ಗಾಯ. ಆದರೆ ಹ್ಯಾಂಡಲ್ ಪೂರ್ತಿ ಹೊಳ್ಳಿಸಿದಾಗ ತಡೆಯುವ ಸ್ಟಾಪರ್ ಇರುತ್ತದಲ್ಲ, ಛಾಸಿಯ ಮೇಲಿನ ಆ ಗುಬ್ಬಿ ಜಜ್ಜಿದ್ದರೆ ಅಥವಾ ಮುರಿದಿದ್ದರೆ ಪೆಟ್ಟು ದೊಡ್ಡದು. ಹಿಂದೆ ಸಾಮಾನಿನ ಪೆಟ್ಟಿಗೆಯ ರ‍್ಯಾಕ್ ಇದ್ದ ಕಡೆ ಬೋಲ್ಟುಗಳ ಸುತ್ತ ಬಣ್ಣ ಬಿರಿದಿದೆಯೇ, ಹೊಸ ವೆಲ್ಡಿಂಗ್ ಇದೆಯೇ ಅಂತ ಮೊಬೈಲ್ ಬ್ಯಾಟರಿ ಹಚ್ಚಿ ನೋಡು. ಹೆಚ್ಚಿನ ಲೈಟ್ ಹಾಕಿಸಿದ್ದರೆ ವೈರ್ ಕಡಿದು ಟೇಪ್ ಸುತ್ತಿರುತ್ತಾರೆ, ಅಂಥ ಜೋಡಣೆ ಮಳೆಯಲ್ಲಿ ಕೈ ಕೊಡುತ್ತದೆ.

ಮೀಟರ್ ಹೇಳುವುದನ್ನು ಸವೆತದ ಜೊತೆ ತಾಳೆ ಹಾಕು. ಮೀಟರ್ ಹೊಳ್ಳಿಸಬಹುದು, ಬ್ರೇಕ್ ಡಿಸ್ಕ್ ದಪ್ಪ ಮಾಡಲಾಗದು. ಎಷ್ಟು ತೆಳುವಾದರೆ ಬದಲಿಸಬೇಕೆಂಬ ಅಂಕಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕು, 2319 ಎಂದಿದ್ದರೆ 2019ರ 23ನೇ ವಾರದ ಟೈರು. ಟೈರಿನ ಗೆರೆ ಎಷ್ಟೇ ಆಳವಿರಲಿ, ಅಷ್ಟು ಹಳೆಯ ರಬ್ಬರ್ ಮೇಲೆ ಲೇಹ್‌ಗೆ ಹೋಗಬೇಡ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟು, ಮಂದ ಸಪ್ಪಳ ಬಂದದ್ದು ಸಡಿಲ. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಹೊರಗೆ ಜಗ್ಗು, ಹಲ್ಲು ಅರ್ಧ ಕಂಡರೆ ಪೂರ್ತಿ ಸೆಟ್ ಹಾಕಿಸಬೇಕು. ಏರ್ ಫಿಲ್ಟರ್ ಡಬ್ಬಿ ಬಿಚ್ಚದೆ ಬಿಡಬೇಡ. ಶಹಾಬಾದಿನ ಕಲ್ಲುಗಣಿ, ವಾಡಿ ಸೇಡಂ ಕಡೆಯ ಸಿಮೆಂಟ್ ಧೂಳು ಇಂಜಿನ್ನಿಗೆ ಏನು ಮಾಡುತ್ತದೆಂದು ನಾನು ಜನ್ಮವಿಡೀ ನೋಡಿದ್ದೇನೆ. ಫಿಲ್ಟರಿನ ಆಚೆ, ಇಂಜಿನ್ ಕಡೆಯ ಕೊಳವೆಯೊಳಗೆ ಬೆರಳಾಡಿಸು. ಬೆರಳಿಗೆ ಮರಳು ಹತ್ತಿದರೆ ಅದು ಸಿಲಿಂಡರನ್ನೂ ತಿಂದಿದೆ.

ಓಡಿಸುವಾಗ ಓಣಿಯಲ್ಲಿ ಒಂದು ಸುತ್ತು ಹಾಕಿ ಬರಬೇಡ. ನನ್ನನ್ನು ಹಿಂದೆ ಕೂಡಿಸಿಕೊಂಡು ಇಪ್ಪತ್ತು ಕಿಲೋಮೀಟರ್ ಆದರೂ ಓಡಿಸು.

ಕಾಗದಪತ್ರ. ಆರ್‌ಸಿಯಲ್ಲಿರುವ ಹೆಸರಿನವನೇ ಎದುರಿಗೆ ಕೂತಿರಬೇಕು. ಅಣ್ಣನದು, ಗೆಳೆಯನದು ಅಂದರೆ ಆ ಅಣ್ಣನೇ ಬರಲಿ. ಛಾಸಿ ನಂಬರ್ ಮೇಲೆ ತೆಳ್ಳನೆಯ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆ, ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಓಸಿಯ 28ನೇ ಫಾರ್ಮಿಗೂ ಅದು ಬೇಕು. ಅಂಕಿಗಳ ಸುತ್ತ ಉಜ್ಜಿದ, ಮತ್ತೆ ಹೊಡೆದ ಗುರುತಿದ್ದರೆ ಅಲ್ಲಿಗೇ ಬಿಡು. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಕಂತು ಮುಗಿದಿದೆ ಎಂಬ ಬಾಯಿಮಾತು ನಡೆಯದು. ಅವರ ಪತ್ರವೂ, ಸಾಲ ತೀರಿತೆಂದು ಸಹಿಯಾದ 35ನೇ ಫಾರ್ಮೂ ಕೈಗೆ ಬರಲಿ. ಹೆಸರು ವರ್ಗಾವಣೆಯ 29 ಮತ್ತು 30ನೇ ಫಾರ್ಮಿಗೆ ನಿನ್ನ ಎದುರೇ ಸಹಿಯಾಗಲಿ. ಚಲನ್ ಬಾಕಿ ಇದೆಯೇ ಅಂತ ಗಾಡಿ ನಂಬರ್ ಹಾಕಿ ಮೊಬೈಲಿನಲ್ಲೇ ನೋಡು.

ಟಿಎಸ್ ನಂಬರಿನ ಗಾಡಿಯನ್ನು ಬೀದರಿನಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಕೆಎ 38ಕ್ಕೆ ಬದಲಿಸಲೇಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ತೆರಿಗೆ ಲೆಕ್ಕ ಹಾಕುತ್ತಾರೆ. ಬೀದರ ಆರ್‌ಟಿಓದಲ್ಲಿ ಕೇಳಿಕೊಂಡು ಬಾ, ರೇಟು ಮಾತಾಡುವುದು ಆಮೇಲೆ. ಹೈದರಾಬಾದಿನಲ್ಲಿ ಸೋವಿ ಅನ್ನಿಸಿದ್ದು ಇಲ್ಲಿಗೆ ಬರುವಷ್ಟರಲ್ಲಿ ಸೋವಿ ಉಳಿಯದೇ ಇರಬಹುದು. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿನ್ನ ಹೆಸರಿಗೆ ಮಾಡಿಸು. ಕ್ಲೇಮ್ ಮಾಡದ್ದಕ್ಕೆ ಅವನಿಗೆ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಅವನ ಜೊತೆಗೇ ಹೋಗುತ್ತದೆ, ನಿನಗೆ ಬರುವುದಿಲ್ಲ. ಹೆಸರು ಬದಲಾಯಿಸಲು ಅವನು ಮೀನಮೇಷ ಎಣಿಸಿದರೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೆನಪಿಸು.

ಇದ್ದ ರೊಕ್ಕವನ್ನೆಲ್ಲ ಅವನ ಕೈಗೆ ಸುರಿಯಬೇಡ. ಟೈರು, ಚೈನ್ ಸೆಟ್, ಬ್ರೇಕ್ ಪ್ಯಾಡ್, ಆಯಿಲ್, ಕೋನ್‌ಸೆಟ್ ಇವಿಷ್ಟಕ್ಕೆ ಬೇಕಾಗುವಷ್ಟು ತೆಗೆದಿಟ್ಟು, ಉಳಿದದ್ದೇ ನಿನ್ನ ಹತ್ತಿರ ಇರುವ ರೊಕ್ಕ ಅಂತ ತಿಳಿದು ವ್ಯವಹಾರ ಮಾಡು. ತೀರ ಕಡಿಮೆ ಬೀಳುವುದಾದರೆ ಸಂಕೋಚ ಬಿಟ್ಟು ನನಗೆ ಹೇಳು.

ಶನಿವಾರ ಸಂಜೆ ಬೀದರಿಗೆ ಬರುತ್ತೇನೆ. ಐತವಾರ ನಸುಕಿನ ಬಸ್ಸಿಗೆ ಇಬ್ಬರೂ ಕೂಡಿ ಹೈದರಾಬಾದಿಗೆ ಹೋಗೋಣ. ನನ್ನ ಉದ್ದನೆಯ ಸ್ಕ್ರೂಡ್ರೈವರ್ ಚೀಲದಲ್ಲಿ ಇಟ್ಟಾಗಿದೆ. ಅಲ್ಲಿಯವರೆಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡ. ಮೊಣಕೈ ವಿಷಯ ನಾನು ಬರೆದೆನೆಂದು ಅಕ್ಕನ ಮುಂದೆ ಆಡಬೇಡ, ಸಮಯ ನೋಡಿ ನಾನೇ ಹೇಳುತ್ತೇನೆ.

ಇಂತಿ ನಿನ್ನ
ಮಾಮಾ