ವೆಸ್ಟ್‌ಬ್ರೂಕ್ ಅವರಿಗೆ ಕೊಟ್ಟ ಜಾಗ ತಪ್ಪು

ಏಪ್ರಿಲ್ 14, 2022

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಈ ಬಾರಿಯ (2021-22ರ) ಋತುವಿನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡ ಕಂಡ ಹೀನಾಯ ಸೋಲಿನ ಕುರಿತು ತಮ್ಮ ಕ್ರೀಡಾ ಪುಟದಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. 82 ಪಂದ್ಯಗಳಲ್ಲಿ 33ನ್ನು ಮಾತ್ರ ಗೆದ್ದು, ಪಶ್ಚಿಮ ವಿಭಾಗದ ಮೊದಲ ಹತ್ತರೊಳಗೂ ಬರಲಾಗದೆ ಹೊರಬಿದ್ದ ತಂಡದ ಬಗ್ಗೆ ಕಟುವಾಗಿ ಬರೆದಿರುವುದರಲ್ಲಿ ತಪ್ಪಿಲ್ಲ. ಆದರೆ ಇಡೀ ಹೊಣೆಯನ್ನು ಪಾಯಿಂಟ್ ಗಾರ್ಡ್ (ಚೆಂಡು ಓಡಿಸಿ ಆಟ ಕಟ್ಟುವ ಆಟಗಾರ) ರಸೆಲ್ ವೆಸ್ಟ್‌ಬ್ರೂಕ್ ಒಬ್ಬರ ತಲೆಗೇ ಕಟ್ಟಿ, ಅವರ ಕಾಲ ಮುಗಿಯಿತೆಂದು ಷರಾ ಬರೆದಿರುವುದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಇಪ್ಪತ್ತು ವರ್ಷಗಳಿಂದ ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿರುವ, ಲೇಕರ್ಸ್ ಆಡುವ ದಿನ ಬೆಳಗಿನ ಕೆಲಸಗಳನ್ನು ಬದಿಗಿಟ್ಟು ಟಿವಿಯ ಮುಂದೆ ಕೂರುವ ಅಭಿಮಾನಿಯಾಗಿ ನಾನು ಹೇಳಬೇಕಾದದ್ದು ಇಷ್ಟು: ಈ ತಂಡದ ಆರಂಭಿಕ ಪಾಯಿಂಟ್ ಗಾರ್ಡ್ ಆಗಿ ವೆಸ್ಟ್‌ಬ್ರೂಕ್ ಹೊಂದುವುದಿಲ್ಲ ಎಂಬುದು ನಿಜ, ಅವರಲ್ಲಿ ಆಟವೇ ಉಳಿದಿಲ್ಲ ಎಂಬುದು ನಿಜವಲ್ಲ.

ಹೊಂದಿಕೆಯ ಕೊರತೆ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ನಮ್ಮಲ್ಲಿ ಅಕ್ಟೋಬರ್ 20ರ ಬೆಳಿಗ್ಗೆ ಏಳೂವರೆಗೆ ಶುರುವಾದ ಗೋಲ್ಡನ್ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ತಂಡದ ತಾರೆಯರಾದ ಲೆಬ್ರಾನ್ ಜೇಮ್ಸ್ 34 ಮತ್ತು ಆಂಥೊನಿ ಡೇವಿಸ್ 33 ಅಂಕ ಗಳಿಸಿದರೂ ಲೇಕರ್ಸ್ 121–114ರಿಂದ ಸೋತಿತು. ವೆಸ್ಟ್‌ಬ್ರೂಕ್ ಎಸೆದ 13ರಲ್ಲಿ 4 ಮಾತ್ರ ಬಿದ್ದು, ಅವರ ಲೆಕ್ಕಕ್ಕೆ ಬಂದದ್ದು 8 ಅಂಕ. ಅಂದು ಕಂಡ ಚಿತ್ರ ಋತುವಿನುದ್ದಕ್ಕೂ ಮರುಕಳಿಸಿತು. ಆಚೆಯಿಂದ ಎಸೆದರೆ ಮೂರು ಅಂಕ ಸಿಗುವ ಗೆರೆಯ ನಡುಭಾಗದಲ್ಲಿ ಲೆಬ್ರಾನ್ ಚೆಂಡು ಹಿಡಿದು ನಿಂತಿರುತ್ತಾರೆ, ವೆಸ್ಟ್‌ಬ್ರೂಕ್ ಅಂಕಣದ ಒಂದು ಮೂಲೆಯಲ್ಲಿ ಕಾಯುತ್ತಿರುತ್ತಾರೆ. ಅವರ ಮೇಲೆ ಕಾವಲಿರಬೇಕಾದ ಎದುರಾಳಿ ಅವರ ಹತ್ತಿರವೇ ಇರುವುದಿಲ್ಲ. ನಾಲ್ಕೈದು ಹೆಜ್ಜೆ ಒಳಗೆ ಸರಿದು, ಬೆನ್ನನ್ನು ವೆಸ್ಟ್‌ಬ್ರೂಕ್ ಕಡೆಗೇ ಮಾಡಿಕೊಂಡು, ರಿಂಗಿನ ಕೆಳಗೆ ಎರಡೂ ಕೈ ಚಾಚಿ ನಿಂತಿರುತ್ತಾನೆ. ಲೆಬ್ರಾನ್ ಒಳನುಗ್ಗಿದರೆ ಅಲ್ಲಿ ಒಬ್ಬನಿರಬೇಕಾದ ಕಡೆ ಇಬ್ಬರು, ಡೇವಿಸ್‌ಗೆ ಪಾಸ್ ಕೊಟ್ಟರೂ ಅದೇ ಇಬ್ಬರು. ಕೊನೆಗೆ ಚೆಂಡು ಮೂಲೆಗೆ ಬರುತ್ತದೆ, ವೆಸ್ಟ್‌ಬ್ರೂಕ್ ಒಂದು ಕ್ಷಣ ತಡೆಯುತ್ತಾರೆ, ಆಮೇಲೆ ಎಸೆಯುತ್ತಾರೆ. ಈ ಋತುವಿನಲ್ಲಿ ಮೂರು ಅಂಕದ ಎಸೆತಗಳಲ್ಲಿ ಅವರ ಯಶಸ್ಸು ಶೇ 29.8, ಲೀಗ್‌ನ ಸರಾಸರಿ ಶೇ 35ರ ಆಸುಪಾಸಿನಲ್ಲಿರುವಾಗ, ಅವರನ್ನು ಬಿಟ್ಟು ಒಳಗೆ ಸರಿಯುವ ಎದುರಾಳಿಯ ಲೆಕ್ಕಾಚಾರ ಸರಿಯಾಗಿಯೇ ಇದೆ. ಆ ಮೊದಲ ಪಂದ್ಯದಂದು ಐವರ ಪೈಕಿ ಡಿಆಂಡ್ರೆ ಜೋರ್ಡನ್ ಎಂಬ, ರಿಂಗಿನಿಂದ ದೂರ ಎಸೆಯದ ಸೆಂಟರ್ (ರಿಂಗಿನ ಬಳಿ ಆಡುವ ಎತ್ತರದ ಆಟಗಾರ) ಬೇರೆ ಇದ್ದುದರಿಂದ ಒಳಗಿನ ಇಕ್ಕಟ್ಟು ಇಮ್ಮಡಿಯಾಯಿತು.

ಲೆಬ್ರಾನ್ ಅವರ ಜೊತೆ ಆಡುವ ಗಾರ್ಡ್‌ಗೆ ಏನಿರಬೇಕು ಎಂಬುದನ್ನು ಅವರ ಹಿಂದಿನ ತಂಡಗಳೇ ತೋರಿಸಿಕೊಟ್ಟಿವೆ. ಮಯಾಮಿ 2012 ಮತ್ತು 2013ರಲ್ಲಿ ಪ್ರಶಸ್ತಿ ಗೆದ್ದಾಗ ಪಾಯಿಂಟ್ ಗಾರ್ಡ್ ಆಗಿದ್ದವರು ಮಾರಿಯೊ ಚಾಲ್ಮರ್ಸ್. ಹೆಚ್ಚು ಹೊತ್ತು ಚೆಂಡಿಲ್ಲದೆ ನಿಂತು, ಬಂದಾಗ ಎಸೆಯುವುದೇ ಅವರ ಮುಖ್ಯ ಕೆಲಸವಾಗಿತ್ತು. 2016ರ ಫೈನಲ್‌ನ ಏಳನೇ ಪಂದ್ಯದ ಕೊನೆಯ ನಿಮಿಷದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಪ್ರಶಸ್ತಿ ತಂದ ಮೂರು ಅಂಕದ ಎಸೆತ ಕೈರಿ ಅರ್ವಿಂಗ್ ಅವರದು. 2020ರಲ್ಲಿ ಲೇಕರ್ಸ್ ಚಾಂಪಿಯನ್ ಆದಾಗಲಂತೂ ಪಂದ್ಯಕ್ಕೆ ಸರಾಸರಿ 10.2 ಅಸಿಸ್ಟ್‌ಗಳೊಂದಿಗೆ (ಅಂಕಕ್ಕೆ ದಾರಿಮಾಡುವ ಪಾಸ್‌ಗಳೊಂದಿಗೆ) ಲೀಗ್‌ನಲ್ಲೇ ಮೊದಲಿಗರಾಗಿದ್ದವರು ಲೆಬ್ರಾನ್. ಅಂದರೆ ಹೆಸರು ಯಾರದ್ದೇ ಇರಲಿ, ಈ ತಂಡದ ಪಾಯಿಂಟ್ ಗಾರ್ಡ್ ಅವರೇ. ಅಂಥವರ ಪಕ್ಕದಲ್ಲಿ, ಹುಟ್ಟಿದಾರಭ್ಯ ಚೆಂಡನ್ನು ತಾನೇ ಓಡಿಸಿಕೊಂಡು ಬಂದ ಇನ್ನೊಬ್ಬರನ್ನು ನಿಲ್ಲಿಸಿದ್ದು ಒಂದೇ ಒರೆಯಲ್ಲಿ ಎರಡು ಕತ್ತಿ ತುರುಕಿದಂತಾಯಿತು.

ತಮ್ಮ ಲೇಖಕರು ವೆಸ್ಟ್‌ಬ್ರೂಕ್ ಅವರ ಎಸೆತದ ದೌರ್ಬಲ್ಯವನ್ನು ಹೊಸದಾಗಿ ಬಂದ ಮುಪ್ಪಿನಂತೆ ವರ್ಣಿಸಿದ್ದಾರೆ. ಅದು ಹೊಸದಲ್ಲ. 2019-20ರಲ್ಲಿ ಹ್ಯೂಸ್ಟನ್ ತಂಡದಲ್ಲಿದ್ದಾಗ ಅವರ ಮೂರು ಅಂಕದ ಎಸೆತಗಳ ಯಶಸ್ಸು ಇದಕ್ಕಿಂತಲೂ ಕಡಿಮೆ, ಶೇ 25.8 ಇತ್ತು. ಆದರೂ ಅದೇ ಋತುವಿನಲ್ಲಿ ಅವರು ಪಂದ್ಯಕ್ಕೆ 27.2 ಅಂಕ ಗಳಿಸಿದರು, ಒಟ್ಟಾರೆ ಎಸೆತಗಳಲ್ಲಿ ಶೇ 47.2 ಯಶಸ್ಸು ಕಂಡರು. ಅಲ್ಲಿಯವರೆಗಿನ ಅವರ ವೃತ್ತಿಜೀವನದಲ್ಲಿ ಎಸೆತದ ಆ ಯಶಸ್ಸು ಅತ್ಯುತ್ತಮ. ಕಾರಣವನ್ನು ಹುಡುಕಿ ದೂರ ಹೋಗಬೇಕಿಲ್ಲ. 2020ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ ತನ್ನ ಎತ್ತರದ ಸೆಂಟರ್ ಕ್ಲಿಂಟ್ ಕಪೇಲ ಅವರನ್ನೇ ಬಿಟ್ಟುಕೊಟ್ಟು, ಆರೂವರೆ ಅಡಿಯೂ ಇಲ್ಲದ ಪಿ.ಜೆ. ಟಕರ್ ಅವರನ್ನು ಆ ಜಾಗದಲ್ಲಿ ನಿಲ್ಲಿಸಿತು. ಉಳಿದ ನಾಲ್ವರೂ ಗೆರೆಯಾಚೆ ಹರಡಿಕೊಂಡಾಗ ರಿಂಗಿನ ಕೆಳಗೆ ಬಯಲು ತೆರೆದುಕೊಂಡಿತು, ಆ ಬಯಲಿನಲ್ಲಿ ವೆಸ್ಟ್‌ಬ್ರೂಕ್ ಓಡಿದರು. ಕಳೆದ ಋತುವಿನಲ್ಲಿ ವಾಷಿಂಗ್ಟನ್ ತಂಡದ ಪರವಾಗಿ 22.2 ಅಂಕ, 11.5 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 11.7 ಅಸಿಸ್ಟ್‌ಗಳ ಸರಾಸರಿ ಸಾಧಿಸಿ, ಆಸ್ಕರ್ ರಾಬರ್ಟ್‌ಸನ್ ಅವರ 181 ಟ್ರಿಪಲ್ ಡಬಲ್‌ಗಳ (ಒಂದೇ ಪಂದ್ಯದಲ್ಲಿ ಅಂಕ, ರೀಬೌಂಡ್, ಅಸಿಸ್ಟ್‌ನಂಥ ಮೂರು ಲೆಕ್ಕಗಳಲ್ಲಿ ಹತ್ತು ಅಥವಾ ಹೆಚ್ಚು) ದಾಖಲೆಯನ್ನು ಮುರಿದ ಆಟಗಾರ, ಒಂದೇ ಬೇಸಿಗೆಯಲ್ಲಿ ಆಟ ಮರೆತಿರಲಾರರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಇಲ್ಲಿ ಸಲ್ಲುವುದಿಲ್ಲ. ಈ ಸಲ ನೆಲ ನಿಜವಾಗಿಯೂ ಡೊಂಕಾಗಿತ್ತು.

ನೆಲ ಡೊಂಕು ಮಾಡಿದವರು ತಂಡ ಕಟ್ಟಿದವರು. ವೆಸ್ಟ್‌ಬ್ರೂಕ್ ಅವರನ್ನು ತರಲು ಲೇಕರ್ಸ್ ಕೊಟ್ಟದ್ದು ಕೈಲ್ ಕುಜ್ಮಾ, ಮಾಂಟ್ರೆಜ್ ಹ್ಯಾರೆಲ್, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಒಂದು ಆಯ್ಕೆಯ ಹಕ್ಕು, ಜೊತೆಗೆ ಹಿಂದಿನ ಋತುವಿನಲ್ಲಿ ಮೂರು ಅಂಕದ ಎಸೆತಗಳಲ್ಲಿ ಶೇ 41 ಯಶಸ್ಸು ಕಂಡಿದ್ದ, ಎದುರಾಳಿ ಗಾರ್ಡ್‌ಗಳಿಗೆ ಅಂಟಿಕೊಂಡು ಕಾಯುತ್ತಿದ್ದ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್. ಅದೇ ಬೇಸಿಗೆಯಲ್ಲಿ ಅಲೆಕ್ಸ್ ಕರೂಸೊ ಅವರನ್ನೂ ಉಳಿಸಿಕೊಳ್ಳದೆ ಶಿಕಾಗೊಗೆ ಹೋಗಲು ಬಿಟ್ಟರು. ಲೆಬ್ರಾನ್ ಪಕ್ಕದಲ್ಲಿ ನಿಲ್ಲಬೇಕಾದ ಗಾರ್ಡ್‌ಗಳು ಕಾಲ್ಡ್‌ವೆಲ್-ಪೋಪ್ ಮತ್ತು ಕರೂಸೊ ಇಬ್ಬರೇ ಆಗಿದ್ದರು. 2020-21ರಲ್ಲಿ ರಕ್ಷಣೆಯಲ್ಲಿ ಲೀಗ್‌ಗೇ ಮೊದಲಿದ್ದ ತಂಡ ಈ ವರ್ಷ ಪಟ್ಟಿಯ ಕೆಳಗಿನ ಅರ್ಧಕ್ಕೆ ಜಾರಿತು. ಈಗ ತಲೆದಂಡವಾಗಿರುವುದು ಮಾತ್ರ ಕೋಚ್ ಫ್ರಾಂಕ್ ವೋಗೆಲ್ ಅವರದು.

ಗಾಯದ ಮಾತನ್ನೂ ಬಿಡುವಂತಿಲ್ಲ. ಲೆಬ್ರಾನ್ 56 ಪಂದ್ಯ ಆಡಿದರು, ಡೇವಿಸ್ 40. 78 ಪಂದ್ಯಗಳಲ್ಲಿ ಆರಂಭದಿಂದಲೇ ಕಣಕ್ಕಿಳಿದವರು ವೆಸ್ಟ್‌ಬ್ರೂಕ್. ಮೂವರೂ ಒಟ್ಟಿಗೆ ಆಡಿದ್ದು 21 ಪಂದ್ಯ ಮಾತ್ರ, ಆದ್ದರಿಂದ ಈ ಜೋಡಣೆಗೆ ಇನ್ನೊಂದು ವರ್ಷ ಕೊಡಬೇಕೆಂದು ವಾದಿಸುವ ಗೆಳೆಯರು ನನಗಿದ್ದಾರೆ. ಆ 21ರಲ್ಲಿ ಗೆದ್ದದ್ದು 11, ಸೋತದ್ದು 10 ಎಂಬುದನ್ನು ಅವರಿಗೆ ನೆನಪಿಸುತ್ತೇನೆ. ಮೂವರೂ ಆರೋಗ್ಯವಾಗಿದ್ದಾಗಲೂ ಮೂಲೆಯಲ್ಲಿ ನಿಂತವರನ್ನು ಎದುರಾಳಿಗಳು ಕಾಯಲಿಲ್ಲ.

ಶೀರ್ಷಿಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಗುರಿ ತಪ್ಪಿದ ಎಸೆತವನ್ನು ಇಟ್ಟಿಗೆಗೆ ಹೋಲಿಸಿ ಅವರ ಮನೆತನದ ಹೆಸರನ್ನು ತಿರುಚಿದ ಅಡ್ಡಹೆಸರನ್ನು ತಾವು ಶೀರ್ಷಿಕೆಯಲ್ಲಿ ಬಳಸಿದ್ದೀರಿ. ಆ ಹೆಸರು ತನ್ನ ಹೆಂಡತಿ ಮಕ್ಕಳದೂ ಹೌದು, ಅದನ್ನು ಹೀಗೆ ಕೆಡಿಸುವುದು ಮನಸ್ಸಿಗೆ ನೋವು ಕೊಡುತ್ತದೆ ಎಂದು ವೆಸ್ಟ್‌ಬ್ರೂಕ್ ಕಳೆದ ತಿಂಗಳಷ್ಟೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರ ಆಟವನ್ನು ಎಷ್ಟು ಬೇಕಾದರೂ ಟೀಕಿಸಿ, ಹೆಸರನ್ನು ಬಿಟ್ಟುಬಿಡಿ.

ಮುಂದೇನು ಎಂಬುದಕ್ಕೆ ಬರುತ್ತೇನೆ. ಮುಂದಿನ ಋತುವಿಗೆ 4.7 ಕೋಟಿ ಡಾಲರ್ ಸಂಬಳದ ಮೇಲೆ ತಂಡದಲ್ಲೇ ಉಳಿಯುವ ಆಯ್ಕೆ ವೆಸ್ಟ್‌ಬ್ರೂಕ್ ಅವರ ಕೈಯಲ್ಲಿದೆ, ಅಷ್ಟು ದೊಡ್ಡ ಮೊತ್ತದ ಆಟಗಾರನನ್ನು ಬೇರೆ ತಂಡಗಳು ಸುಲಭವಾಗಿ ಕೊಳ್ಳುವುದಿಲ್ಲ. ಹಾಗಾಗಿ ಹೊಸ ಕೋಚ್ ಯಾರೇ ಬರಲಿ, ಅವರನ್ನು ಆರಂಭಿಕ ಐವರಿಂದ ಹಿಂದಕ್ಕೆ ತಂದು, ಬೆಂಚಿನಿಂದ ಇಳಿಯುವ ಎರಡನೇ ಪಂಗಡದ ಒಡೆತನವನ್ನು ಅವರಿಗೆ ಒಪ್ಪಿಸಬೇಕೆಂಬುದು ನನ್ನ ಅಭಿಪ್ರಾಯ. 37ರ ಹರೆಯದ ಲೆಬ್ರಾನ್ ಈ ವರ್ಷ ಪಂದ್ಯಕ್ಕೆ ಸರಾಸರಿ 37 ನಿಮಿಷ ಆಡಿದ್ದಾರೆ. ಅದನ್ನು ಇಳಿಸಲೇಬೇಕು, ಅವರು ಕೂತ ಹೊತ್ತಿನಲ್ಲಿ ಚೆಂಡು ಓಡಿಸಲು ಯಾರಾದರೂ ಬೇಕೇ ಬೇಕು. ಸುತ್ತ ಎಸೆತಗಾರರನ್ನೇ ನಿಲ್ಲಿಸಿದರೆ ಹ್ಯೂಸ್ಟನ್‌ನ ಬಯಲು ಮತ್ತೆ ಸಿಗುತ್ತದೆ. ಇದರಲ್ಲಿ ಅವಮಾನವಿಲ್ಲ: ನಾಲ್ಕು ಪ್ರಶಸ್ತಿ ಗೆದ್ದ ಸ್ಯಾನ್ ಆಂಟೋನಿಯೊದ ಮನು ಜಿನೊಬಿಲಿ ಬಹುಕಾಲ ಬೆಂಚಿನಿಂದಲೇ ಬಂದವರು, ಇದೇ ಲೇಕರ್ಸ್‌ನಲ್ಲಿ ಈ ವರ್ಷ ಕಾರ್ಮೆಲೊ ಆಂಥೊನಿ ಆ ಪಾತ್ರವನ್ನು ಒಪ್ಪಿಕೊಂಡರು.

ಒಪ್ಪಿಸುವ ರೀತಿ ಮಾತ್ರ ಮುಖ್ಯ. ಜನವರಿಯಲ್ಲಿ ಇಂಡಿಯಾನಾ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವರನ್ನು ಹೊರಗೆ ಕೂರಿಸಿದ ಹಾಗೆ ಮಾಡಬಾರದು. ನಮ್ಮ ಸಿಮೆಂಟ್ ಅಂಕಣದಲ್ಲಿ ಕೆಲವು ವರ್ಷಗಳ ಹಿಂದೆ ಇಂಥದೇ ಹುಡುಗನೊಬ್ಬನಿದ್ದ. ಚೆಂಡು ಕೈಯಲ್ಲಿದ್ದರೆ ಚಿಗರೆ, ಇಲ್ಲದಿದ್ದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ತಂಡದ ನಾಯಕನೂ ಅದೇ ಬಗೆಯ ಆಟಗಾರನಾದ್ದರಿಂದ, ಜಿಲ್ಲಾ ಮಟ್ಟದ ಪಂದ್ಯವೊಂದರ ದಿನ ಮುಂಚಿತವಾಗಿ ಒಂದು ಮಾತೂ ಹೇಳದೆ ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಅವನು ಮೊದಲ ಅರ್ಧವಿಡೀ ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಕೂತಿದ್ದ, ಇಳಿಸಿದಾಗ ಮನಸ್ಸಿಟ್ಟು ಆಡಲಿಲ್ಲ. ಮಾರನೆಯ ವಾರ ಅವನ ಮನೆಗೇ ಹೋಗಿ, ಎರಡನೇ ಪಂಗಡ ನಿನ್ನದು, ಅಲ್ಲಿ ಚೆಂಡು ನಿನ್ನ ಕೈಯಲ್ಲೇ ಇರುತ್ತದೆ ಎಂದು ವಿವರಿಸಿದ ಮೇಲೆ ಆ ವರ್ಷದ ಉಳಿದ ಪಂದ್ಯಗಳನ್ನು ಅವನೇ ಎಳೆದು ತಂದ. ಲೇಕರ್ಸ್‌ನ ಹೊಸ ಕೋಚ್ ಕೂಡ ಅಕ್ಟೋಬರ್ ಬರುವವರೆಗೆ ಕಾಯದೆ, ಈ ಬೇಸಿಗೆಯಲ್ಲೇ ವೆಸ್ಟ್‌ಬ್ರೂಕ್ ಅವರನ್ನು ಎದುರು ಕೂರಿಸಿಕೊಂಡು ಈ ಮಾತು ಆಡಲಿ.

ಇಂತಿ ತಮ್ಮ ವಿಶ್ವಾಸಿ,
ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಓದುಗ, ಮಂಡ್ಯ