ಕಗ್ಗದ ಪುಸ್ತಕ ಎಲ್ಲಿಡುತ್ತೀಯ?

ಶಿರಸಿ

ಪ್ರೀತಿಯ ಕೂಸೇ,

ದೊಡ್ಡಮ್ಮನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ಕುಮಟೆಯ ಕಡೆ ಪಂಚಾಯ್ತಿ ಗ್ರಂಥಾಲಯಕ್ಕೆ ನೀನು ಹಾಜರಾದ ಸುದ್ದಿಯನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ, ಅಷ್ಟು ಖುಷಿ. ನೀನು ಕಳಿಸಿದ ಫೋಟೋವನ್ನೂ ನೋಡಿದೆ. ಕಪಾಟು ಒರೆಸಿ, ಪುಸ್ತಕಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿದ್ದೀಯ, ಉದ್ದದವು ಅಂಚಿಗೆ, ಗಿಡ್ಡವು ನಡುವೆ. ಕಣ್ಣಿಗೆ ಚಂದ ಕಾಣುತ್ತದೆ. ಆದರೂ ಅದನ್ನೆಲ್ಲ ಕೆಳಗಿಳಿಸಿ, ವಿಷಯಕ್ಕೊಂದು ನಂಬರು ಕೊಟ್ಟು ಮತ್ತೆ ಜೋಡಿಸು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. 'ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಸಿಗುತ್ತದಲ್ಲ, ನಂಬರು ಯಾಕೆ' ಎಂದು ಕೇಳಿದೆಯಂತೆ. ಅದಕ್ಕೂ ಉತ್ತರ ಇದರಲ್ಲೇ ಇದೆ.

ನಾನು ಇಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ. ಗಜನಿ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆ, ಅಲ್ಲಿ ಬೇಸಾಯ ಮಾಡುವ ಒಬ್ಬರು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಬಂದಿದ್ದರು. ನೀರಿಳಿಯುವ ಕೊಡೆಯನ್ನು ಬಾಗಿಲ ಹೊರಗಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, 'ಕಗ್ಗದ ಬಗ್ಗೆ ಪುಸ್ತಕ ಏನಾದ್ರೂ ಇದ್ಯಾ' ಎಂದು ಕೇಳಿದರು. ಕಟ್ಟು ಒಡೆದು ಅವರ ಗದ್ದೆಗೆ ಉಪ್ಪುನೀರು ನುಗ್ಗಿತ್ತು. ಕಗ್ಗ ಗೊತ್ತಲ್ಲ ನಿನಗೆ, ಅಘನಾಶಿನಿಯ ಅಳಿವೆಯಲ್ಲಿ ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುವ ಭತ್ತ. ನಾನು ಕೃಷಿಯ ಕಪಾಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಭತ್ತದ ಪುಸ್ತಕ ಮೂರು ಇದ್ದವು, ಯಾವುದರಲ್ಲೂ ಕಗ್ಗ ಇರಲಿಲ್ಲ. 'ಇಲ್ಲ' ಎಂದೆ. ಅವರು ಮಾತಾಡದೆ ಕೊಡೆ ತೆಗೆದುಕೊಂಡು ಹೋದರು.

ಮರುವರ್ಷ ಪುಸ್ತಕಗಳ ತಪಾಸಣೆ ನಡೆದಾಗ, ಊರು-ನಾಡಿನ ಪರಿಚಯದ ಸಾಲಿನಲ್ಲಿ ಒಂದು ತೆಳ್ಳಗಿನ ಪುಸ್ತಕ ಕೈಗೆ ಬಂತು. ಮುಖಪುಟದಲ್ಲಿ ದೋಣಿಯ ಚಿತ್ರ, ಹೆಸರಿನಲ್ಲಿ ಹೊಳೆಯ ಹೆಸರು. ಒಳಗೆ ಅರ್ಧಕ್ಕಿಂತ ಹೆಚ್ಚು ಕಗ್ಗದ ವಿಷಯವೇ: ಬೀಜ, ಕಟ್ಟು, ಉಪ್ಪು ತೊಳೆಯುವ ಬಗೆ. ಕೊನೆಯ ಪುಟಕ್ಕೆ ಅಂಟಿಸಿದ ಅವಧಿ ಚೀಟಿಯಲ್ಲಿ ಒಂದು ಮುದ್ರೆಯೂ ಇರಲಿಲ್ಲ, ಯಾರೂ ಅದನ್ನು ಓದಲು ಒಯ್ದೇ ಇರಲಿಲ್ಲ. ಬೆನ್ನಿನ ಮೇಲಿನ ನಂಬರು ನನ್ನದೇ ಅಕ್ಷರ. ಹೆಸರು ಮಾತ್ರ ನೋಡಿ, ಪರಿವಿಡಿ ತೆರೆಯದೆ ನಂಬರು ಕೊಟ್ಟಿದ್ದೆ. ಆ ಮನುಷ್ಯ ಮತ್ತೆ ಬರಲಿಲ್ಲ. ಇಷ್ಟು ವರ್ಷವಾದರೂ ಆ ಒದ್ದೆ ಕೊಡೆ ನನ್ನ ಕಣ್ಣ ಮುಂದಿದೆ.

ಅಡಿಕೆ ವ್ಯಾಪಾರದ ಮನೆಯಲ್ಲಿ ಬೆಳೆದವಳು ನೀನು. ವಕಾರಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಮಾಡುವಾಗ ಚೀಲದ ಬಣ್ಣವನ್ನು ಯಾರೂ ನೋಡುವುದಿಲ್ಲ. ಕೊಳ್ಳುವವನು ಏನನ್ನು ಹುಡುಕಿ ಬರುತ್ತಾನೋ ಅದರ ಪ್ರಕಾರ ಆರಿಸುತ್ತಾರೆ. ಪುಸ್ತಕವನ್ನೂ ಹುಡುಕಿ ಬರುವವರ ಕಡೆಯಿಂದ ನೋಡಬೇಕು.

ನಮ್ಮಲ್ಲಿ ಇದನ್ನು ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಎಸ್. ಆರ್. ರಂಗನಾಥನ್. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲೊಂದು ಅಂಗಡಿಯಲ್ಲಿ ಮೆಕ್ಯಾನೋ ಎಂಬ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು-ಬೋಲ್ಟು, ಆದರೆ ಜೋಡಿಸುವ ರೀತಿ ಬದಲಿಸಿದರೆ ಬೇರೆ ಬೇರೆ ವಸ್ತು. ವಿಷಯಗಳನ್ನೂ ಹೀಗೇ ಬಿಡಿಭಾಗ ಮಾಡಿ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1933ರಲ್ಲಿ, ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಅವರ ಪದ್ಧತಿ, ಕೋಲನ್ ವರ್ಗೀಕರಣ ಪ್ರಕಟವಾಯಿತು. ಒಂದು ವಿಷಯದಲ್ಲಿ ಮುಖ್ಯ ವಸ್ತು ಯಾವುದು, ಅದರ ದ್ರವ್ಯ ಅಥವಾ ಗುಣ ಏನು, ಅದರ ಮೇಲೆ ನಡೆಯುವ ಕ್ರಿಯೆ ಏನು, ಎಲ್ಲಿ, ಯಾವಾಗ, ಈ ಐದನ್ನು ಕೇಳಿಕೊಳ್ಳಬೇಕು ಎಂದರು ಅವರು. ಕಗ್ಗದ ಪುಸ್ತಕಕ್ಕೆ ಕೇಳಿ ನೋಡು. ವಸ್ತು ಭತ್ತ, ಕ್ರಿಯೆ ಬೇಸಾಯ, ಜಾಗ ನಮ್ಮ ಕರಾವಳಿ. ನಾನು ಜಾಗವನ್ನು ತಲೆಗೆ ಕಟ್ಟಿ, ಭತ್ತವನ್ನು ಮರೆತಿದ್ದೆ.

ಯಾವುದು ಮೊದಲು ಬರಬೇಕು ಎನ್ನುವುದಕ್ಕೆ ಅವರು ಗೋಡೆ-ಚಿತ್ರದ ಸೂತ್ರ ಹೇಳಿದ್ದಾರೆ. ಗೋಡೆಯಿಲ್ಲದೆ ಭಿತ್ತಿಚಿತ್ರ ಇಲ್ಲ, ಹಾಗಾಗಿ ಗೋಡೆ ಮೊದಲು. ಭತ್ತವಿಲ್ಲದೆ ಭತ್ತದ ಬೇಸಾಯ ಎಲ್ಲಿ? ಸಂದೇಹ ಬಂದಾಗಲೆಲ್ಲ 'ಇಲ್ಲಿ ಗೋಡೆ ಯಾವುದು' ಎಂದು ಕೇಳಿಕೋ. ನನಗೆ ಇದರಷ್ಟು ಉಪಯೋಗಕ್ಕೆ ಬಂದ ಸೂತ್ರ ಇನ್ನೊಂದಿಲ್ಲ.

ನಿನ್ನ ಗ್ರಂಥಾಲಯಕ್ಕೆ ಕೋಲನ್ ಬೇಡ, ಡ್ಯೂಯಿಯ ದಶಮಾಂಶ ಪದ್ಧತಿ ಸಾಕು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಅಮೆರಿಕದಲ್ಲಿ ಹೊರತಂದದ್ದು. ಲೋಕದ ವಿದ್ಯೆಯನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಮಾಡುತ್ತಾ ಹೋಗುವುದು. 630 ಕೃಷಿ, 633 ಹೊಲಗದ್ದೆಯ ಬೆಳೆ, 633.18 ಭತ್ತ. ಕರ್ನಾಟಕದ ಭತ್ತ ಎಂದು ಹೇಳಬೇಕಾದರೆ 633.18095487 ಎಂದು ಎಳೆಯಬಹುದು, ಆದರೆ ಎಳೆಯಬೇಡ. ಎರಡು ಮೂರು ಸಾವಿರ ಪುಸ್ತಕಕ್ಕೆ ಅಷ್ಟುದ್ದದ ನಂಬರು ಹಾಕಿದರೆ ಮಕ್ಕಳು ಓದಲಾರರು, ಬೆನ್ನಿನ ಚೀಟಿಯೂ ಹಿಡಿಯಲಾರದು.

ಈಗ ಕಂಪ್ಯೂಟರಿನ ಮಾತು. ಅದು ಅಕ್ಷರ ಹುಡುಕುತ್ತದೆ. ಒಬ್ಬರು ಗಜನಿ ಎಂದು ಬರೆದರೆ ಇನ್ನೊಬ್ಬರು ಗಝನಿ ಎನ್ನುತ್ತಾರೆ, ಇಲಾಖೆಯವರು ಖಾರ್‌ಲ್ಯಾಂಡ್ ಎನ್ನುತ್ತಾರೆ. ಕಗ್ಗ ಎಂದು ಹೊಡೆದವನಿಗೆ 'ಲವಣ ಸಹಿಷ್ಣು ತಳಿಗಳು' ಎಂಬ ಪುಸ್ತಕ ತೋರುವುದೇ ಇಲ್ಲ. ನಂಬರು ಇಟ್ಟರೆ ಮಾತು ಯಾವುದೇ ಇರಲಿ, ಭಾಷೆ ಯಾವುದೇ ಇರಲಿ, ಎಲ್ಲವೂ 633.18ರಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತವೆ.

ಇನ್ನೂ ಒಂದಿದೆ. ಭತ್ತದ ಮುಂದೆ ನಿಂತು ಎಡಕ್ಕೆ ಸರಿದರೆ 632ರಲ್ಲಿ ಬೆಳೆಯ ರೋಗ, ಕೀಟ. ಅದರಾಚೆ 631.4ರಲ್ಲಿ ಮಣ್ಣು, ಉಪ್ಪುಮಣ್ಣಿನ ಸಂಗತಿ ಸಿಗುವುದು ಅಲ್ಲಿ. ಬಲಕ್ಕೆ ನಡೆದರೆ ಮೆಣಸು, ತೆಂಗು, ತರಕಾರಿ, ದನಕರು, ಕೊನೆಗೆ 639ರಲ್ಲಿ ಮೀನು, ಸಿಗಡಿ. ಮಳೆಗಾಲದಲ್ಲಿ ಭತ್ತ ಬೆಳೆದು ಆಮೇಲೆ ಅದೇ ಗಜನಿಯಲ್ಲಿ ಸಿಗಡಿ ಹಿಡಿಯುವ ನಿನ್ನೂರಿನವರಿಗೆ ಇದಕ್ಕಿಂತ ಒಳ್ಳೆಯ ಸಾಲು ಯಾವುದು? ಬೇಕಾದ್ದು ನಡುವೆ, ಅದಕ್ಕೆ ಹತ್ತಿರದ್ದು ಅಕ್ಕಪಕ್ಕ, ದೂರದ್ದು ದೂರ, ಹೀಗಿರಬೇಕು ಎನ್ನುವುದು ರಂಗನಾಥನ್ ಅವರ ಲೆಕ್ಕ. ಕೇಳಲು ಗೊತ್ತಿಲ್ಲದ ಪುಸ್ತಕ ಕೈಗೆ ಸಿಗುವುದು ಹೀಗೆ. 'ಓದುಗನ ಸಮಯ ಉಳಿಸು' ಎಂದು 1931ರಲ್ಲೇ ಅವರು ಬರೆದದ್ದು ಇದಕ್ಕೇ ಒಪ್ಪುತ್ತದೆ.

ಡ್ಯೂಯಿಯದ್ದು ಎಲ್ಲವೂ ಸರಿ ಎಂದು ತಿಳಿಯಬೇಡ. ಧರ್ಮದ 200ರಲ್ಲಿ 220ರಿಂದ 289ರವರೆಗೆ ಕ್ರೈಸ್ತ ಧರ್ಮಕ್ಕೇ ಕೊಟ್ಟು, ಮಿಕ್ಕವರನ್ನೆಲ್ಲ 290ರಲ್ಲಿ ಒತ್ತಿದ್ದಾನೆ. ಇಂಗ್ಲಿಷ್ ಸಾಹಿತ್ಯಕ್ಕೆ 820, ನಮ್ಮ ಕನ್ನಡಕ್ಕೆ 894.814. ನಿನ್ನಲ್ಲಿರುವುದು ಹೆಚ್ಚಿನಂಶ ಕನ್ನಡ ಕತೆ ಕಾದಂಬರಿ, ಪ್ರತಿಯೊಂದಕ್ಕೂ ಈ ಉದ್ದದ ಬಾಲ ಬೇಕಿಲ್ಲ. ಸ್ಥಳೀಯ ಸಾಹಿತ್ಯಕ್ಕೆ ಗಿಡ್ಡ ಗುರುತು ಹಾಕಿಕೊಳ್ಳಲು ಆ ಪದ್ಧತಿಯಲ್ಲೇ ಅವಕಾಶವಿದೆ. 'ಕ' ಎಂದು ಬರೆದು ಕಾವ್ಯಕ್ಕೆ 1, ನಾಟಕಕ್ಕೆ 2, ಕತೆ ಕಾದಂಬರಿಗೆ 3 ಕೊಡು. ಆದರೆ ಏನು ಬದಲಿಸಿದರೂ ಒಂದು ರಿಜಿಸ್ಟರಿನಲ್ಲಿ ತಾರೀಖು ಹಾಕಿ ಬರೆದಿಡು. ನಿನ್ನ ನಂತರ ಬರುವವಳು ನಿನ್ನ ತಲೆಯೊಳಗೆ ಇಣುಕಿ ನೋಡಲಾರಳು.

ಯಕ್ಷಗಾನದ ವಿಷಯದಲ್ಲಿ ನಿನಗೆ ಗೊಂದಲ ಬಂದೇ ಬರುತ್ತದೆ. ಪ್ರಸಂಗದ ಪುಸ್ತಕ ಸಾಹಿತ್ಯವೇ, ರಂಗವೇ? ನಾನು ಪ್ರಸಂಗಗಳನ್ನು ಸಾಹಿತ್ಯದಲ್ಲೂ, ಕುಣಿತ, ವೇಷಗಳ ಪುಸ್ತಕಗಳನ್ನು 792ರಲ್ಲೂ ಇಡುತ್ತಿದ್ದೆ. ಎರಡು ಕಡೆಯೂ ಒಂದು ರಟ್ಟು ನಿಲ್ಲಿಸಿ, 'ಅಲ್ಲಿಯೂ ನೋಡಿ' ಎಂದು ಬರೆದಿದ್ದೆ. ಪುಸ್ತಕ ಒಂದೇ ಕಡೆ ಕೂರಬಹುದು, ಚೀಟಿ ಹತ್ತು ಕಡೆ ಕೂರಬಹುದು. ಕಗ್ಗದ ಪುಸ್ತಕಕ್ಕೆ ಭತ್ತದ ನಂಬರು ಕೊಟ್ಟರೂ, ಮಣ್ಣಿನ ಸಾಲಿನಲ್ಲಿ, ಊರಿನ ಸಾಲಿನಲ್ಲಿ ಒಂದೊಂದು ಚೀಟಿ ಇರಲಿ.

ಓದಿದ ಪುಸ್ತಕವನ್ನು ಓದುಗರೇ ಕಪಾಟಿಗೆ ತುರುಕಲು ಬಿಡಬೇಡ, ಮೇಜಿನ ಮೇಲೆ ಇಡಲು ಹೇಳು. ಸಾಲು ತಪ್ಪಿದ ಪುಸ್ತಕ ಕಳೆದುಹೋದ ಹಾಗೆಯೇ. ದಿನಾ ಬಾಗಿಲು ಹಾಕುವ ಮುಂಚೆ ಒಂದು ಕಪಾಟಿನ ನಂಬರುಗಳ ಮೇಲೆ ಬೆರಳಾಡಿಸು. ಚೀಟಿಯನ್ನು ಬೆನ್ನಿನ ಬುಡದಿಂದ ಒಂದೇ ಅಳತೆಗೆ ಅಂಟಿಸು, ನಮ್ಮ ಮಳೆಗಾಲದ ಥಂಡಿಗೆ ಅಂಟು ಬಿಡುತ್ತದೆ, ಮೇಲೊಂದು ಪಾರದರ್ಶಕ ಟೇಪು ಹಾಕು.

ನನ್ನ ಹಳೆಯ ರಿಜಿಸ್ಟರ್ ಮತ್ತು ಖಾಲಿ ಕಾರ್ಡುಗಳ ಡಬ್ಬಿಯನ್ನು ಅಪ್ಪೆಮಿಡಿಯ ಬಾಟಲಿಯ ಜೊತೆ ಕುಮಟೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಗಜನಿಯ ಬಗ್ಗೆ, ಉಪ್ಪುನೀರಿನ ಬೇಸಾಯದ ಬಗ್ಗೆ ನಿನ್ನಲ್ಲಿ ಯಾವ ಯಾವ ಪುಸ್ತಕ ಇದೆ, ಪರಿವಿಡಿ ತೆರೆದು ನೋಡಿ, ಎಲ್ಲಿಟ್ಟಿದ್ದೀಯ ಎಂದು ಮುಂದಿನ ಪತ್ರದಲ್ಲಿ ಬರೆ.

ಇಂತಿ ನಿನ್ನ
ದೊಡ್ಡಮ್ಮ